ಹೆಡ್‌ಸ್ಪೇಸ್: ತೋಟಾದ ತಲೆ ಯಾವ ಕಡೆ?

ಹಳೇ ರೈಫಲ್ ಮಾರುವವರು ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆಳೆದು ಎಡಬಲ ಅಲುಗಿಸಿ, 'ನೋಡಿ, ಆಟವೇ ಇಲ್ಲ, ಹೆಡ್‌ಸ್ಪೇಸ್ ಪಕ್ಕಾ' ಅನ್ನುತ್ತಾರೆ, ಕೊಳ್ಳುವವರು ಒಪ್ಪಿಕೊಳ್ಳುತ್ತಾರೆ. ಪುಣೆಯ ಬಾಲೇವಾಡಿ ರೇಂಜಿನ ಕಡೆ ನಮ್ಮ ಕನ್ನಡದವರ ಬಾಯಲ್ಲೂ ಇದೇ ಮಾತು. ತೆರೆದ ಬೋಲ್ಟಿನ ಅಲುಗಾಟಕ್ಕೂ ಹೆಡ್‌ಸ್ಪೇಸಿಗೂ ಸಂಬಂಧವಿಲ್ಲ. ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟು ತೆರೆದಾಗ ಲೊಡಲೊಡ ಅನ್ನುವುದೇ ಸಹಜ.

ಗೊಂದಲ ಹುಟ್ಟುವುದು 'ಹೆಡ್' ಎಂಬಲ್ಲಿ. ಇಂಗ್ಲಿಷಿನವರಿಗೆ ಕೇಪು ಕೂರುವ ಹಿಂತುದಿ ಹೆಡ್. ಮಲೆನಾಡಿನವರಂತೆ ತೋಟಾ ಅನ್ನಿ, ಪುಣೆಯವರಂತೆ ಕಾಡತೂಸ್ ಅನ್ನಿ, ಕನ್ನಡದ ಕಣ್ಣಿಗೆ ಆ ತುದಿ ಬುಡ, ಗುಂಡಿರುವ ತುದಿ ತಲೆ. ಹಾಗಾಗಿ 'ಗುಂಡಿನ ಮುಂದಿರುವ ಖಾಲಿ ಜಾಗ' ಎಂಬ ಅರ್ಥ ಹಬ್ಬಿದೆ. 'ಸ್ಪೇಸ್' ಇನ್ನೊಂದು ದಾರಿ ತಪ್ಪಿಸುತ್ತದೆ. ಬಾಟಲಿ ತುಂಬುವವರ ಹೆಡ್‌ಸ್ಪೇಸ್ ನಿಜಕ್ಕೂ ಖಾಲಿ ಜಾಗ, ಕೋವಿಯವರದ್ದು ಒಂದು ಅಳತೆ: ಮುಚ್ಚಿ ಬೀಗಬಿದ್ದ ಬೋಲ್ಟಿನ ಮುಖದಿಂದ, ತೋಟಾ ಮುಂದಕ್ಕೆ ಜಾರದಂತೆ ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಗೂಡು) ತಡೆಯುವ ಜಾಗದವರೆಗಿನ ದೂರ. .22 ಮತ್ತು .315 ತೋಟಾಗಳಲ್ಲಿ ತಡೆಯುವುದು ಬುಡದ ಅಂಚು, .308ರಂಥವುಗಳಲ್ಲಿ ಕೇಸಿನ (ತೋಟಾದ ಹಿತ್ತಾಳೆ ಕೊಳವೆಯ) ಹೆಗಲು, ಅಂದರೆ ಕತ್ತಿನ ಕಡೆ ಕಿರಿದಾಗುವ ಭಾಗ. ಆ ದೂರದಲ್ಲಿ ತೋಟಾ ತುಂಬದೆ ಉಳಿಯುವ ಸಂದು ಬೇರೆಯೇ ಲೆಕ್ಕ. 'ಬುಡದಳತೆ' ಎಂದಿದ್ದರೆ ಇಷ್ಟು ತಪ್ಪು ಆಗುತ್ತಿರಲಿಲ್ಲ.

ಹೀಗಾಗಿ 'ಈ ಬೋಲ್ಟಿನ ಹೆಡ್‌ಸ್ಪೇಸ್' ಎಂಬ ಮಾತಿಗೇ ಅರ್ಥವಿಲ್ಲ. ಬೋಲ್ಟು ಮತ್ತು ಚೇಂಬರ್ ಸೇರಿದಾಗಲೇ ಅದು ಹುಟ್ಟುವುದು. ಒಂದು ರೈಫಲ್ಲಿನಲ್ಲಿ ಸರಿಯಿದ್ದ ಬೋಲ್ಟು ಇನ್ನೊಂದರಲ್ಲಿ ಅಪಾಯವಾದೀತು. ಬೋಲ್ಟಿನ ಹಿಡಿಯ ಮೇಲಿನ ನಂಬರು, ಬೋಲ್ಟು ಓಡಾಡುವ ಬಾಡಿಯ ನಂಬರಿಗೆ ಹೊಂದದಿದ್ದರೆ, ಅಳೆಯುವವರೆಗೆ ಒಂದು ಗುಂಡೂ ಹಾರಿಸಬೇಡಿ.

ಕಣ್ಣಂದಾಜು ಇಲ್ಲಿ ನಡೆಯದು, ತೋಟಾದಂತೆ ಚೇಂಬರಿನಲ್ಲಿ ಕೂರುವ ನಿಖರ ಅಳತೆಯ ಉಕ್ಕಿನ ತುಂಡು, ಅಂದರೆ ಗೇಜು ಬೇಕು. .308ರ 'ಗೋ' ಗೇಜು 41.40 ಮಿ.ಮೀ., 'ನೋ-ಗೋ' 41.50: ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು ಪಾಲು. ತೋಟಾ ಇಲ್ಲವೆಂದು ಖಚಿತವಾದ ಮೇಲೆ ಕೇಪಿಗೆ ಹೊಡೆಯುವ ಫೈರಿಂಗ್ ಪಿನ್, ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಬಿಚ್ಚಿ, ಚೇಂಬರಿನ ಎಣ್ಣೆ-ಕಿಟ್ಟ ಒರೆಸಿ, ಗೇಜು ಇಟ್ಟು ಒಂದೇ ಬೆರಳಿನಿಂದ ಹಿಡಿ ಇಳಿಸಬೇಕು. ಗೋ ಮೇಲೆ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಬಲ ಹಾಕಿದರೆ ಯಾವ ಗೇಜಿನ ಮೇಲೂ ಮುಚ್ಚುತ್ತದೆ, ಗೇಜೂ ಲಗ್ಗುಗಳೂ (ಬೋಲ್ಟನ್ನು ಬೀಗ ಹಾಕುವ ಉಬ್ಬುಗಳು) ಗಾಯಗೊಳ್ಳುತ್ತವೆ.

ಬೋಲ್ಟನ್ನು ಕೈಯಲ್ಲಿ ಹಿಡಿದಾಗ ಮೊದಲು ಲಗ್ಗುಗಳ ಹಿಂಬದಿ ನೋಡಿ. ಎರಡರಲ್ಲೂ ಸವೆತದ ಹೊಳಪು ಸಮನಾಗಿರಬೇಕು. ಒಂದೇ ಹೊಳೆಯುತ್ತಿದ್ದರೆ ಹೊಡೆತವೆಲ್ಲ ಅದರ ಮೇಲೇ ಬೀಳುತ್ತಿದೆ. ಬಾಡಿಯೊಳಗೆ ಲಗ್ಗು ಕೂರುವಲ್ಲಿ ಉಗುರಿಗೆ ತಾಗುವ ಮೆಟ್ಟಿಲು ಬಿದ್ದಿದ್ದರೆ ಲೋಹ ಹಿಂದಕ್ಕೆ ಜರುಗಿದೆ, ಹೆಡ್‌ಸ್ಪೇಸ್ ಬೆಳೆದಿದೆ. ಲಗ್ಗಿನ ಬುಡದ ಬಿರುಕು ಎಣ್ಣೆಯಡಿ ಕಾಣದು, ಒರೆಸಿ ಭೂತಗನ್ನಡಿಯಲ್ಲಿ ನೋಡಿ. ಸಂಶಯವಿದ್ದರೆ ಬಿರುಕಿನೊಳಗಿಳಿದು ಅದನ್ನು ತೋರಿಸುವ ಬಣ್ಣದ್ರವದ ಪರೀಕ್ಷೆ. ಬೋಲ್ಟಿನ ಮುಖದಲ್ಲಿ ಪಿನ್ ತೂತಿನ ಸುತ್ತ ಉಂಗುರದಂತೆ ಗುಳಿಗಳಿದ್ದರೆ ಕೇಪಿನಿಂದ ಬಿಸಿ ಅನಿಲ ಸೋರಿದೆ. ಪಿನ್ನಿನ ತುದಿ ದುಂಡಗಿರಲಿ. ಚೂಪಾದರೆ ಕೇಪು ತೂತಾಗುತ್ತದೆ.

ಲಗ್ಗಿಗೆ ಅರ ಹಾಕಿ 'ಹೊಂದಿಸಿಕೊಡುತ್ತೇನೆ' ಅನ್ನುವವರಿಂದ ದೂರವಿರಿ. ಅರ ತಿಂದಷ್ಟೂ ಹೆಡ್‌ಸ್ಪೇಸ್ ಹೆಚ್ಚುತ್ತದೆ, ಗಟ್ಟಿ ಮೇಲ್ಪದರವೂ ಹೋಗುತ್ತದೆ. ಬಿಡಿ ಬೋಲ್ಟು ಕೊಳ್ಳುವುದೂ ಸುಲಭವಲ್ಲ: 1959ರ ಆಯುಧ ಕಾಯ್ದೆಯಲ್ಲಿ ಆಯುಧದ ಭಾಗವೂ ಆಯುಧವೇ. ರಿಪೇರಿ ಲೈಸೆನ್ಸಿರುವ ಗನ್‌ಸ್ಮಿತ್‌ನ ಬಳಿಯೇ ಹೋಗಿ.

ಮಾರುವವರು ಹಾರಿಸಿದ ಕೇಸುಗಳನ್ನು ಇಟ್ಟಿದ್ದರೆ ಕೇಳಿ ಪಡೆಯಿರಿ. ಬುಡದಿಂದ ಒಂದು ಸೆಂಟಿಮೀಟರಿನಷ್ಟು ಮೇಲೆ ಸುತ್ತಲೂ ಹೊಳೆಯುವ ಗೆರೆ ಕಂಡರೆ ಹಿತ್ತಾಳೆ ಅಲ್ಲಿ ಎಳೆದು ತೆಳುವಾಗಿದೆ, ಹರಿಯಲು ಹತ್ತಿರವಾಗಿದೆ. ಆ ರೈಫಲ್ ಗೇಜಿಗೆ ಹೋಗುವವರೆಗೆ ದುಡ್ಡು ಕೊಡಬೇಡಿ.