ಧೈರ್ಯ ಹೇಳುವುದೇ ಚಿಕಿತ್ಸೆಯಾ?

ಕ್ಯಾನ್ಸರ್ ಬಂದ ಮನೆಗೆ ಹೋದವರೆಲ್ಲ ಹೇಳುವ ಮಾತು ಒಂದೇ: ‘ಧೈರ್ಯವಾಗಿರಿ, ಮನಸ್ಸು ಗಟ್ಟಿಯಿದ್ದರೆ ಅರ್ಧ ಕಾಯಿಲೆ ಹೋದಂಗೆ.’ ಆಸ್ಪತ್ರೆಯ ಕೌನ್ಸೆಲಿಂಗ್ ಅಂದರೂ ಇದೇ ಎಂದು ತುಂಬಾ ಜನ ಅಂದುಕೊಂಡಿದ್ದಾರೆ.

ಹಿಂದೆ ರೋಗಿಗೆ ವಿಷಯವನ್ನೇ ಹೇಳುತ್ತಿರಲಿಲ್ಲ. 1961ರಲ್ಲಿ ಷಿಕಾಗೋದ ಆಸ್ಪತ್ರೆಯೊಂದರಲ್ಲಿ ಕೇಳಿದಾಗ, ಸುಮಾರು ಶೇ. 90ರಷ್ಟು ವೈದ್ಯರು ಹೇಳದಿರುವುದೇ ವಾಸಿ ಎಂದಿದ್ದರು. 1979ರ ಹೊತ್ತಿಗೆ ಅಮೆರಿಕದ ವೈದ್ಯರು ಪೂರ್ತಿ ತಿರುಗಿದ್ದರು. ಹೇಳಿದ ಮೇಲೆ ಅಳು, ಭಯ, ನಿದ್ದೆಯಿಲ್ಲದ ರಾತ್ರಿ ಎಲ್ಲವನ್ನೂ ಯಾರಾದರೂ ನೋಡಿಕೊಳ್ಳಬೇಕಲ್ವಾ? ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಅದಕ್ಕೆಂದೇ ಒಂದು ವಿಭಾಗ ಕಟ್ಟಿದರು.

ಗೋಜಲು ಶುರುವಾಗಿದ್ದು 1989ರಲ್ಲಿ. ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಡೇವಿಡ್ ಸ್ಪೀಗೆಲ್, ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಹೆಂಗಸರ ಲೆಕ್ಕ ಮುಂದಿಟ್ಟರು. ಅವರಲ್ಲಿ ಕೆಲವರು ಒಂದು ವರ್ಷ ವಾರಕ್ಕೊಮ್ಮೆ ಗುಂಪಾಗಿ ಕೂತು ಸಾವು, ನೋವು, ಮನೆ ಎಲ್ಲದರ ಬಗ್ಗೆ ಮಾತಾಡಿದ್ದರು. ಅವರು ಸರಾಸರಿ 36.6 ತಿಂಗಳು ಬದುಕಿದರು, ಉಳಿದವರು 18.9 ತಿಂಗಳು. ಸುದ್ದಿ ಹಬ್ಬಿತು. ಮಾತಾಡಿದರೆ ಆಯಸ್ಸು ಹೆಚ್ಚುತ್ತದೆ ಎಂದಾಯಿತು. ಆಮೇಲೆ ನಿಧಾನವಾಗಿ ಅದು ‘ನಗ್ತಾ ಇದ್ದರೆ ಕ್ಯಾನ್ಸರ್ ಓಡುತ್ತೆ’ ಎಂದಾಯಿತು. ಆ ಗುಂಪುಗಳಲ್ಲಿ ನಡೆದದ್ದು ಸಾವು, ನೋವಿನ ಮಾತು ಎಂಬುದು ಯಾರಿಗೂ ನೆನಪಿರಲಿಲ್ಲ.

2001ರಲ್ಲಿ ಕೆನಡಾದ ತಂಡ 235 ಹೆಂಗಸರ ಜೊತೆ ಅದನ್ನೇ ಮತ್ತೆ ಮಾಡಿ ನೋಡಿತು. ಗುಂಪಿಗೆ ಹೋದವರು 17.9 ತಿಂಗಳು, ಹೋಗದವರು 17.6. ಆಯಸ್ಸಿನಲ್ಲಿ ವ್ಯತ್ಯಾಸವೇ ಇಲ್ಲ. ಆದರೆ ಮೊದಲಿನಿಂದ ಹೆಚ್ಚು ಸಂಕಟದಲ್ಲಿದ್ದವರ ಮನಸ್ಸು ಹಗುರಾಗಿತ್ತು, ನೋವು ಕಡಿಮೆ ಅನಿಸಿತ್ತು. 2007ರಲ್ಲಿ ಸ್ಪೀಗೆಲ್ ಅವರ ಸ್ವಂತ ಮರುಪ್ರಯೋಗದಲ್ಲೂ ಒಟ್ಟಾರೆ ಆಯಸ್ಸು ಹೆಚ್ಚಲಿಲ್ಲ. ನನಗೇನೋ ಇದು ಸೋಲು ಅನಿಸುವುದಿಲ್ಲ. ನೋವು ತಗ್ಗಿದರೆ ಸಾಲದೇ? ಆದರೆ ಹಳೆಯ ಸುದ್ದಿ ಓಡಿದಷ್ಟು ದೂರ ಹೊಸದು ಓಡಲಿಲ್ಲ. ಕಾಯಿಲೆ ಮರಳಿದಾಗ ‘ನಾನೇ ಧೈರ್ಯ ಕಳ್ಕೊಂಡೆನಾ’ ಎಂದು ರೋಗಿಯೇ ಕೇಳಿಕೊಳ್ಳುವ ಹಾಗಾಯಿತು.

ನಮ್ಮಲ್ಲಿ ಕಥೆ ಇನ್ನೂ ಮೊದಲ ಅಧ್ಯಾಯದಲ್ಲೂ ಇದೆ, ಕೊನೆಯದರಲ್ಲೂ ಇದೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದವರನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಅದೇ ಊರಿನ ಓಪಿಡಿಗಳಲ್ಲಿ ಇವತ್ತಿಗೂ ‘ಅಮ್ಮಂಗೆ ಹೇಳ್ಬೇಡಿ ಡಾಕ್ಟ್ರೇ’ ಎನ್ನುವ ಮಗ ಸಿಗುತ್ತಾನೆ. ಹಾಗಾಗಿ ಆಪ್ತಸಮಾಲೋಚಕರ ಮೊದಲ ಮಾತುಕತೆ ಎಷ್ಟೋ ಸಲ ರೋಗಿಯ ಜೊತೆ ನಡೆಯುವುದಿಲ್ಲ. ಕಾರಿಡಾರಿನಲ್ಲಿ, ಆ ಮಗನ ಜೊತೆ ನಡೆಯುತ್ತದೆ.