ಹಿಗ್ಗುವ ಕುಗ್ಗುವ ಮಣ್ಣು: ನೆಲ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ?

ಎರೆಮಣ್ಣಿನಂಥ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಕಟ್ಟುವವರಿಗೆ ಬೇಕಾದದ್ದು ಒಂದೇ ಅಂಕಿ: ತೀರಾ ಒಣಗಿದಾಗಿನ ಮತ್ತು ತೀರಾ ನೆನೆದಾಗಿನ ಮೇಲ್ಮೈ ಮಟ್ಟಕ್ಕೆ ಎಷ್ಟು ಮಿಲಿಮೀಟರ್ ವ್ಯತ್ಯಾಸ? ಮನೆಗಳ ಅಡಿಪಾಯಕ್ಕಿರುವ ಆಸ್ಟ್ರೇಲಿಯಾದ ಎಎಸ್ 2870 ಮಾನದಂಡದ ದಾರಿಯಲ್ಲಿ ಲೆಕ್ಕ ಹಾಕೋಣ. ಕ್ಯಾಲ್ಕುಲೇಟರ್ ಸಾಕು.

ಇಲ್ಲಿ ಮಣ್ಣಲ್ಲಿ ಎಷ್ಟು ನೀರಿದೆ ಅಂತ ಕೇಳುವುದಿಲ್ಲ, ಆ ನೀರನ್ನು ಮಣ್ಣು ಎಷ್ಟು ಬಿಗಿಯಾಗಿ ಹಿಡಿದಿದೆ ಅಂತ ಕೇಳುತ್ತಾರೆ. ಅದೇ ಸಕ್ಷನ್. ಅದರ ಅಳತೆ ಪಿಎಫ್, ಲಾಗ್ ಲೆಕ್ಕ, ಅಂದರೆ ಒಂದು ಅಂಕಿ ಏರಿದರೆ ಹಿಡಿತ ಹತ್ತು ಪಟ್ಟು: 3 ಅಂದರೆ ಸುಮಾರು 100 ಕಿಲೊಪ್ಯಾಸ್ಕಲ್, 4 ಅಂದರೆ ಸುಮಾರು 1000.

ಪ್ರತಿ ಪದರಕ್ಕೂ ಮೂರನ್ನು ಗುಣಿಸಿ: ಪದರದ ದಪ್ಪ, ಅಲ್ಲಿನ ಸಕ್ಷನ್ ಬದಲಾವಣೆ, ಒಂದು ಪಿಎಫ್‌ಗೆ ಮಣ್ಣು ಶೇಕಡಾ ಎಷ್ಟು ಹಿಗ್ಗುತ್ತದೆ ಅನ್ನುವುದು. ಕೊನೆಗೆ ಎಲ್ಲ ಕೂಡಿಸಿ.

ಒಂದು ಉದಾಹರಣೆ. ಮೇಲ್ಮೈಯಲ್ಲಿ ಬದಲಾವಣೆ 1.2 ಪಿಎಫ್, ಇಳಿಯುತ್ತಾ ಇಳಿಯುತ್ತಾ 2 ಮೀಟರ್ ಆಳದಲ್ಲಿ ಸೊನ್ನೆ. ಲ್ಯಾಬ್ ಪರೀಕ್ಷೆಯಲ್ಲಿ ಮಣ್ಣಿನ ಹಿಗ್ಗು ಒಂದು ಪಿಎಫ್‌ಗೆ ಶೇ. 3 ಬಂದಿದೆ. ಮೇಲಿನ ಮೀಟರ್‌ನ ಸರಾಸರಿ ಬದಲಾವಣೆ 0.9, ಅಂದರೆ 27 ಮಿ.ಮೀ. ಕೆಳಗಿನದು 0.3, ಅಂದರೆ 9. ಒಟ್ಟು 36. 20ರಿಂದ 40ರೊಳಗೆ ಇದ್ದರೆ ಆ ಜಾಗ 'ಎಂ' ವರ್ಗ, ಅಂದರೆ ಮಧ್ಯಮವಾಗಿ ಹಿಗ್ಗುವ ಕುಗ್ಗುವ ನೆಲ. ಮುಗೀತು ಅಂತ ನಾನು ಪುಸ್ತಕ ಮುಚ್ಚಿದ್ದೆ!

ಮುಗಿದಿರಲಿಲ್ಲ, ಬಿರುಕು ಮರೆತಿದ್ದೆ. ಬಿರುಕಿರುವ ಕಡೆ ಮಣ್ಣು ಉಬ್ಬಿದಾಗ ಒಂದಿಷ್ಟು ಪಕ್ಕದ ಸಂದಿಗೆ ಹೋಗುತ್ತದೆ. ಬಿರುಕಿನ ಕೆಳಗೆ ಪಕ್ಕಕ್ಕೆ ಜಾಗವೇ ಇಲ್ಲ, ಅಲ್ವಾ? ಉಬ್ಬಿದ್ದೆಲ್ಲ ಮೇಲಕ್ಕೇ ಬರಬೇಕು. ಅದಕ್ಕೆ ಅಲ್ಲಿ ಆಲ್ಫಾ ಅನ್ನುವ ಗುಣಕ ಸೇರಿಸುತ್ತಾರೆ: 2ರಿಂದ, ಮೀಟರ್‌ನಲ್ಲಿ ಅಳೆದ ಆಳದ ಐದನೇ ಒಂದು ಭಾಗ ಕಳೆಯಿರಿ. ಬಿರುಕಿನ ವಲಯದಲ್ಲಿ ಅದು ಬರೀ 1. ಬಿರುಕು 1 ಮೀಟರ್‌ಗೆ ನಿಂತರೆ ಕೆಳಪದರದ ಮಧ್ಯದ ಆಳ 1.5, ಆಲ್ಫಾ 1.7. 9 ಇದ್ದದ್ದು 15.3 ಆಯಿತು. ಒಟ್ಟು ಸುಮಾರು 42, ಅಂದರೆ 40 ದಾಟಿ 'ಎಚ್1' ವರ್ಗ, ಇನ್ನೂ ಜಾಸ್ತಿ ಹಿಗ್ಗುವ ಕುಗ್ಗುವ ನೆಲ. ಅಡಿಪಾಯ ಇನ್ನೂ ಗಟ್ಟಿ ಬೇಕು.

ಈಗ ಬಿರುಕು 1.5 ಮೀಟರ್‌ವರೆಗೆ ಇಳಿದಿದೆ ಅಂತ ಇಟ್ಟು ನೀವೇ ಮಾಡಿ ನೋಡಿ. ಸುಮಾರು 37 ಬರುತ್ತದೆ, ಮತ್ತೆ 'ಎಂ'. ಆಳದ ಬಿರುಕು ಅಂದರೆ ಜಾಸ್ತಿ ಅಪಾಯ ಅಂತ ನಾನು ಅಂದುಕೊಂಡಿದ್ದೆ, ಲೆಕ್ಕ ತಿರುಗಾಮುರುಗಾ ಹೇಳುತ್ತದೆ! ಗುಣಾಕಾರ ಯಾರು ಬೇಕಾದರೂ ಮಾಡುತ್ತಾರೆ. ಬಿರುಕಿನ ಆಳ ಎಷ್ಟು ಅಂತ ನಿರ್ಧರಿಸುವುದೇ ಕಷ್ಟದ ಕೆಲಸ.

1.2 ಅನ್ನುವುದು ಬರೀ ಮಳೆ ಬಿಸಿಲಿನ ಏರಿಳಿತ. ಸೋರುವ ಪೈಪು, ಗೋಡೆ ಪಕ್ಕದ ದೊಡ್ಡ ಮರ ಇದರಲ್ಲಿ ಸೇರಿಲ್ಲ. ಮರದ ಬೇರು ಮಣ್ಣನ್ನು ಇನ್ನೂ ಆಳಕ್ಕೆ ಒಣಗಿಸುತ್ತದೆ, ಅದರ ಲೆಕ್ಕ ಬೇರೆ.