ಪ್ರಾದೇಶಿಕ ಕಚೇರಿ: ಹುಬ್ಬಳ್ಳಿಯೋ, ಕಲಬುರಗಿಯೋ?

ಉತ್ತರ ಕರ್ನಾಟಕಕ್ಕೊಂದು ಪ್ರಾದೇಶಿಕ ಕಚೇರಿ ಬೇಕೆಂದು ಸಲಹೆ ಕೇಳುವ ಬೆಂಗಳೂರಿನ ಕಂಪನಿಗಳು ಸಾಮಾನ್ಯವಾಗಿ ಹುಬ್ಬಳ್ಳಿಯೆಂದು ತೀರ್ಮಾನಿಸಿಕೊಂಡೇ ಬಂದಿರುತ್ತವೆ. ಉಳಿದಿರುವುದು ಯಾವ ಬಡಾವಣೆ, ಎಷ್ಟು ಬಾಡಿಗೆ ಎಂಬ ವಿಚಾರವಷ್ಟೇ. ಹುಬ್ಬಳ್ಳಿಯ ಪರವಾದ ಕಾರಣಗಳು ಗಟ್ಟಿಯಾಗಿಯೇ ಇವೆ. ಪುಣೆ–ಬೆಂಗಳೂರು ಹೆದ್ದಾರಿ, ವಿಮಾನ ನಿಲ್ದಾಣ, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಎಲ್ಲವೂ ಅಲ್ಲಿವೆ. ಹೈಕೋರ್ಟ್ ಪೀಠ ಪಕ್ಕದ ಧಾರವಾಡದಲ್ಲಿದೆ. ಬೆಳಗಾವಿ, ಗದಗ, ಹಾವೇರಿಗಳಿಗೆ ಬೆಳಿಗ್ಗೆ ಹೊರಟವರು ಕೆಲಸ ಮುಗಿಸಿಕೊಂಡು ಸಂಜೆಗೆ ಮರಳಬಹುದು.

ಆದರೆ ಉತ್ತರ ಕರ್ನಾಟಕ ಒಂದೇ ಮಾರುಕಟ್ಟೆಯಲ್ಲ. ಹುಬ್ಬಳ್ಳಿಯಿಂದ ಕಲಬುರಗಿ 300 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ, ಬೀದರ್ ಅದಕ್ಕೂ ಆಚೆ. ಕಲಬುರಗಿಗೆ ಸೊಲ್ಲಾಪುರ ಸುಮಾರು 110 ಕಿ.ಮೀ., ಹೈದರಾಬಾದ್ ಸುಮಾರು 220 ಕಿ.ಮೀ. ಹುಬ್ಬಳ್ಳಿಯಲ್ಲಿ ಕುಳಿತ ವ್ಯವಸ್ಥಾಪಕರಿಗೆ ಬೀದರಿನ ವಿತರಕರನ್ನು ಕಂಡುಬರಲು ಎರಡು ದಿನ ಬೇಕಾಗುವುದರಿಂದ ಆ ಕಡೆಯ ಭೇಟಿಗಳು ತಾವಾಗಿಯೇ ವಿರಳವಾಗುತ್ತವೆ. ಬಾಡಿಗೆ ಪ್ರತಿ ತಿಂಗಳೂ ಲೆಕ್ಕದಲ್ಲಿ ಕಾಣಿಸುತ್ತದೆ, ನಡೆಯದೇ ಹೋದ ಭೇಟಿ ಕಾಣಿಸುವುದಿಲ್ಲ.

ಆದ್ದರಿಂದ ನಾನು ಮೊದಲು ಕೇಳುವುದು ಕಟ್ಟಡಗಳ ಪಟ್ಟಿಯನ್ನಲ್ಲ, ಹಿಂದಿನ ವರ್ಷದ ಪ್ರವಾಸ ಬಿಲ್ಲುಗಳನ್ನು. ಮಾರಾಟ ಮತ್ತು ಸೇವಾ ಸಿಬ್ಬಂದಿ ಯಾವ ಊರುಗಳಲ್ಲಿ ರಾತ್ರಿ ತಂಗಿದ್ದಾರೆಂಬುದನ್ನು ಜಿಲ್ಲಾವಾರು ಬರೆದು, ಅದರ ಪಕ್ಕದಲ್ಲಿ ಆಯಾ ಜಿಲ್ಲೆಯ ವಹಿವಾಟನ್ನು ಇಟ್ಟು ನೋಡಬೇಕು. ತಂಗಿದ ರಾತ್ರಿಗಳಲ್ಲಿ ಹೆಚ್ಚಿನವು ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್‌ಗಳಲ್ಲಿದ್ದರೆ ಕಚೇರಿ ಕಲಬುರಗಿಯಲ್ಲಿರುವುದೇ ಸರಿ. ಬೀದರನ್ನು ಹೈದರಾಬಾದಿನಿಂದಲೇ ನೋಡಿಕೊಳ್ಳೋಣವೆನ್ನುವವರೂ ಇದ್ದಾರೆ. ದೂರದ ದೃಷ್ಟಿಯಿಂದ ಅದು ಸರಿಯೇ, ಆದರೆ ಅಲ್ಲಿಂದ ಸರಕು ಪೂರೈಸುವುದಾದರೆ ತೆಲಂಗಾಣದಲ್ಲಿ ಪ್ರತ್ಯೇಕ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಕರ್ನಾಟಕದೊಳಗಿನ ಹೊಸ ಕಚೇರಿಯನ್ನಾದರೆ ಈಗಿರುವ ನೋಂದಣಿಯಲ್ಲೇ ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಸೇರಿಸಬಹುದು.

ಊರು ನಿಶ್ಚಯವಾದ ಮೇಲೆ ಕಟ್ಟಡದ ಕಾಗದಪತ್ರ. ವಾಣಿಜ್ಯ ಬಳಕೆಗೆ ಅನುಮತಿ, ಸ್ವಾಧೀನಾನುಭವ ಪತ್ರ (ಕಟ್ಟಡ ಬಳಕೆಗೆ ಯೋಗ್ಯವೆಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ), ಮಂಜೂರಾದ ವಿದ್ಯುತ್ ಲೋಡ್ ಇವನ್ನು ಮುಂಗಡ ಕೊಡುವ ಮೊದಲೇ ನೋಡಬೇಕು. ಹನ್ನೊಂದು ತಿಂಗಳ ಕರಾರಿನ ರೂಢಿ ಮನೆ ಬಾಡಿಗೆಗೆ ಸಾಕಾದೀತು. ಒಳಾಂಗಣಕ್ಕೆ ಲಕ್ಷಗಟ್ಟಲೆ ಸುರಿಯುವ ಕಂಪನಿಗೆ ಅದು ತಕ್ಕುದಲ್ಲ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಮುದ್ರಾಂಕ ಶುಲ್ಕ ಉಳಿಸಲು ಇದನ್ನು ತಪ್ಪಿಸಿದವರು, ಅವಧಿಗೆ ಮುನ್ನವೇ ಖಾಲಿ ಮಾಡಿರೆಂದು ಮಾಲೀಕರು ಹೇಳಿದ ದಿನ ಆ ಕರಾರನ್ನು ನೆಚ್ಚಿಕೊಂಡು ನ್ಯಾಯಾಲಯದಲ್ಲಿ ವಾದಿಸುವುದು ಕಷ್ಟ.